ನಮ್ಮ ಮಕ್ಕಳ ಶನಿವಾರದ ತಾಸು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗಡಿಯಾಚೆ ಆಂಧ್ರದಲ್ಲಿದ್ದ ತಾಂಡೂರಿನ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೆ. ಶಾಲೆಗೆ ಒಂದೇ ಒಂದು ಕಂಪ್ಯೂಟರ್ ಬಂತು. ಮಕ್ಕಳು ಆಜ್ಞೆ ಬರೆದು ಚೌಕ, ತ್ರಿಕೋನ ಬಿಡಿಸುವ ಸುಲಭದ ಭಾಷೆ ಅದರಲ್ಲಿತ್ತು. ಬರೆದದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಿ ಹೇಳುವ ಪ್ರೋಗ್ರಾಂ ಕೂಡ ಇತ್ತು, ಆದರೆ ಅದು ಹೇಳುತ್ತಿದ್ದುದು ಇಂಗ್ಲಿಷಿನಲ್ಲಿ. ನನ್ನ ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಅದು ಕನ್ನಡದಲ್ಲಿ ಹೇಳುವಂತಾದರೆ ಶನಿವಾರ ಒಂದು ತಾಸು ಕಂಪ್ಯೂಟರನ್ನು ಅವರಿಗೇ ಬಿಟ್ಟುಕೊಡುತ್ತೇನೆಂದು ಹೆಡ್ಮಾಸ್ತರರು ಮಾತು ಕೊಟ್ಟರು.

ಆ ತಾಸಿಗಾಗಿ ನನ್ನ ಬೇಸಿಗೆ ರಜೆ ಹೋಯಿತು. ಯಂತ್ರಕ್ಕೆ ಕನ್ನಡ ಅಕ್ಷರ ಗೊತ್ತಿರಲಿಲ್ಲ. ಒಂದೊಂದನ್ನೂ ಚುಕ್ಕೆಗಳಲ್ಲಿ ಕೂರಿಸಿ ಕೊಡಬೇಕಿತ್ತು. ನನಗೆ ರಂಗೋಲಿ ಬರುತ್ತಿತ್ತಲ್ಲ! ಮನೆಯ ಹಾಸುಗಲ್ಲಿನ ಮೇಲೆ ಚುಕ್ಕೆಯಿಟ್ಟು ಅಕ್ಷರ ಕೂಡಿಸುತ್ತಿದ್ದೆ, ಸರಿಬಂದದ್ದನ್ನು ಯಂತ್ರಕ್ಕೆ ತುಂಬಲು ಒಬ್ಬ ಮಹಾನುಭಾವ ಜೊತೆಗಿದ್ದ. ತೆಲುಗು ಮಾಧ್ಯಮದ ವಿಜ್ಞಾನ ಮಾಸ್ತರ, ಪಕ್ಕದ ಯಾಲಾಲ್ ಕಡೆಯವನು, ಮನೆಯಲ್ಲಿ ನಮ್ಮಂತೆ ಕನ್ನಡವೇ. ರಜೆಯುದ್ದಕ್ಕೂ ನನ್ನ ಕೈಯ ರೊಟ್ಟಿ, ಪುಂಡಿಪಲ್ಯ ತಿಂದ. ಒಡಹುಟ್ಟಿದ ತಮ್ಮನಿಗೂ ನಾನು ಅಷ್ಟು ಬಡಿಸಿಲ್ಲ.

ಚೌಕ ಪೂರ್ತಿಯಾಗದಿದ್ದಾಗ ಪರದೆಯ ಮೇಲೆ 'ಒಂದು ಗೆರೆ ಉಳಿದಿದೆ' ಎಂದು ಮೊದಲ ಸಲ ಮೂಡಿತು. ನನ್ನ ಕಣ್ಣು ತುಂಬಿತು, ಅವನು ಚಪ್ಪಾಳೆ ತಟ್ಟಿದ.

ಶಾಲೆ ಶುರುವಾದ ಮೇಲೆ ಇದನ್ನು ನೋಡಲು ಇಲಾಖೆಯ ಸಾಹೇಬರು ಬಂದರು. ನಾನು ಮಕ್ಕಳನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಅವನು ಯಂತ್ರದ ಮುಂದೆ ಕೂತಾಗಿತ್ತು. ಪರದೆಯ ತುಂಬ ತೆಲುಗು! ಹತ್ತಿರ ಹೋಗಿ ನೋಡಿದರೆ ಅಕ್ಷರಗಳ ಮೈ ನಾನಿಟ್ಟ ಚುಕ್ಕೆಗಳದ್ದೇ. ಕನ್ನಡದ ತಲೆಕಟ್ಟು ಕಿತ್ತು ತೆಲುಗಿನದನ್ನು ಕೂರಿಸಿದ್ದ, ಅಷ್ಟೇ. ಸಾಹೇಬರು ಹೊಗಳಿದರು. ಅವನು ಕೈಮುಗಿದು ನಿಂತ, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಅವನನ್ನು ವರಾಂಡಕ್ಕೆ ಕರೆದೆ.

"ಕೇಳಿದ್ರ ತೆಲುಗಿಂದೂ ನಾನೇ ಮಾಡಿ ಕೊಡ್ತಿದ್ದೆ. ನಮ್ಮದ್ಯಾಕ ತೆಗದಿ?"

"ಸಿಟ್ಟಾಗಬ್ಯಾಡ್ರಿ ಅಕ್ಕೋರೆ. ನಿಮ್ಮ ಮಕ್ಕಳಿಗೂ ತೆಲುಗು ಓದಾಕ ಬರ್ತದಲ್ರಿ. ಅವರಿಗೆ ಬ್ಯಾರೆ ತಾಸು ಯಾಕ ಬೇಕು?"

ಥೂ, ಎಂಥ ಮನುಷ್ಯ! ಆ ತಾಸು ತನ್ನ ತರಗತಿಗೆ ಬೇಕಾಗಿತ್ತು ಅವನಿಗೆ. ಬೇಸಿಗೆಯಿಡೀ ನನ್ನ ಅಡುಗೆಮನೆಯಲ್ಲಿ ಕೂತು ಇದನ್ನೇ ಲೆಕ್ಕ ಹಾಕುತ್ತಿದ್ದನೋ ಏನೋ. ಸಾಹೇಬರೆದುರೇ ಎಲ್ಲವನ್ನೂ ಹೇಳಿಬಿಡುತ್ತೇನೆಂದು ನಾನು ಒಳಗೆ ನುಗ್ಗಿದೆ.

ಅಷ್ಟರಲ್ಲಿ ಅವರು ನನ್ನ ತರಗತಿಯ ಹುಡುಗಿಯೊಬ್ಬಳನ್ನು ಯಂತ್ರದ ಮುಂದೆ ಕೂರಿಸಿದ್ದರು. ಅವಳ ಚೌಕದಲ್ಲಿ ಒಂದು ಬದಿ ಕಡಿಮೆಯಿತ್ತು. 'ಒಂದು ಗೆರೆ ಉಳಿದಿದೆ' ಎಂಬುದೇ ಪರದೆಯಲ್ಲಿ ತೆಲುಗಾಗಿ ಮೂಡಿತು, ಅದನ್ನು ಅವಳು ತಡವರಿಸದೆ ಓದಿದಳು: "ಒಕ ಗೀತ ಮಿಗಿಲಿಂದಿ." ಉಳಿದ ಗೆರೆ ಎಳೆದು ಚೌಕ ಮುಗಿಸಿಯೂ ಬಿಟ್ಟಳು. ಇವರಿಗೇನೂ ತೊಂದರೆಯಿಲ್ಲವಲ್ಲ ಎಂದು ನಕ್ಕ ಹೆಡ್ಮಾಸ್ತರರು ಶನಿವಾರದ ತಾಸನ್ನು ಅಲ್ಲೇ ತೆಲುಗು ತರಗತಿಗೆ ಕೊಟ್ಟರು. ಕನ್ನಡದ ಮಕ್ಕಳು ಬೇಕಾದರೆ ಹಿಂದೆ ನಿಂತು ನೋಡಲಿ ಎಂದರು.

ಹುಡುಗಿ ಕುರ್ಚಿಯಿಂದ ಇಳಿದು, ನಾನು ಏನು ಹೇಳುತ್ತೇನೋ ಎಂದು ನಗುತ್ತ ನನ್ನನ್ನೇ ನೋಡಿದಳು. ನಾನು ಶಾಬಾಸ್ ಎಂದೆ.