ಇಪ್ಪತ್ತು ಮಂದಿಯ ಮಣ್ಣು

ಅಕ್ಕ ಸತ್ತ ಸುದ್ದಿ ಬೆಳಿಗ್ಗೆ ಏಳಕ್ಕೆ ಫೋನಿನಲ್ಲಿ ಬಂತು. ನಾನಿರುವುದು ಆಳಂದದಲ್ಲಿ. ಅವಳಿದ್ದದ್ದು ಜೇವರ್ಗಿ ತಾಲ್ಲೂಕಿನಲ್ಲಿ, ಇಜೇರಿಯ ಆಚೆ ಒಂದು ಸಣ್ಣ ಊರಿನಲ್ಲಿ. ಕೊರೊನಾ ಬಂದು ಸತ್ತವಳಲ್ಲ. ವಯಸ್ಸಾಗಿತ್ತು, ಸೊಂಟ ಮುರಿದು ವರ್ಷದಿಂದ ಹಾಸಿಗೆ ಹಿಡಿದಿದ್ದಳು, ಸತ್ತಳು. ಸಂಜೆ ನಾಲ್ಕಕ್ಕೆ ಮಣ್ಣು ಎಂದು ಅವಳ ಮಗ ಹೇಳಿದ. ಲಾಕ್‌ಡೌನ್ ಬಿದ್ದಾಗಿನಿಂದ ನಾನು ಅವಳ ಮುಖ ನೋಡಿರಲಿಲ್ಲ. ಅಳುವುದು ಬೇಕಾದರೆ ಆಮೇಲೆ ಅಳಬಹುದು. ಮಣ್ಣು ಬೀಳುವ ಮೊದಲು ಒಂದು ಸಲ ಮುಖ ನೋಡಬೇಕು, ಅಷ್ಟೇ ನನಗೆ ಬೇಕಾದದ್ದು.

ನನ್ನ ಮಗ ಹೋಗಬೇಡ ಎಂದ. ಅರವತ್ತೈದು ದಾಟಿದವರು ಹೊಸ್ತಿಲು ದಾಟಬಾರದು ಎಂದು ರೂಲ್ಸ್ ಇದೆಯಂತೆ. ಈ ಮಾತು ಹೇಳುವಾಗ ಅವನ ಮಾಸ್ಕು ಕೊರಳಲ್ಲಿ ತಾಯಿತದ ಹಾಗೆ ನೇತಾಡುತ್ತಿತ್ತು. ದಿನಾ ಸಂಜೆ ಪಾನ್ ಅಂಗಡಿಯ ಮುಂದೆ ಆರು ಜನರ ಹೆಗಲಿಗೆ ಹೆಗಲು ಹಚ್ಚಿ ನಿಲ್ಲುವವನು ಅವನೇ. ಸೀರೆ ಉಟ್ಟು ಹೊರಟೆ.

ಲಾಕ್‌ಡೌನ್ ಬಿಗಿಯಾಗಿದ್ದಾಗ ಎಲ್ಲರಿಗೂ ತಿಳಿಯುತ್ತಿತ್ತು, ಮನೆಯಲ್ಲಿ ಬಿದ್ದಿರಬೇಕು ಅಂತ. ಸಡಿಲ ಮಾಡಿದ ಮೇಲೆ ಯಾರಿಗೂ ಏನೂ ತಿಳಿಯದಾಯಿತು. ಇವತ್ತು ರಸ್ತೆಯ ಎಡಗಡೆಯ ಅಂಗಡಿ, ನಾಳೆ ಬಲಗಡೆಯದು. ಚಹಾ ಪಾರ್ಸಲ್ ಕೊಡಬಹುದು, ನಿಂತು ಕುಡಿಯುವ ಹಾಗಿಲ್ಲ. ನಮ್ಮ ಮಂದಿ ಚಹಾವನ್ನು ಕ್ಯಾರಿಬ್ಯಾಗಿನಲ್ಲಿ ಕಟ್ಟಿಸಿಕೊಂಡು ಅದೇ ಅಂಗಡಿಯ ಮುಂದೆ ನಿಂತು, ತುದಿ ಕಚ್ಚಿ ಚೀಪಿದರು. ಕೇಳಿದರೆ, ಪಾರ್ಸಲ್ ಅಲ್ಲವೇ, ಎಂದರು. ಬಸ್ ಸ್ಟ್ಯಾಂಡಿನಲ್ಲಿ ಸುಣ್ಣದ ದುಂಡಗೆರೆ ಹಾಕಿ, ಒಂದರಲ್ಲಿ ಒಬ್ಬರು ನಿಲ್ಲಬೇಕು ಎಂದು ಕಾಗದ ಅಂಟಿಸಿದ್ದರು. ಎರಡನೇ ಇಯತ್ತೆ ಓದಿದ ನಾನೂ ಅದನ್ನು ಕೂಡಿಸಿಕೊಂಡು ಓದಿದೆ. ಗೆರೆಯೊಳಗೆ ಒಬ್ಬರೂ ಇರಲಿಲ್ಲ. ಒಂದರಲ್ಲಿ ಜೋಡಿ ಚಪ್ಪಲಿ, ಒಂದರಲ್ಲಿ ಚೀಲ, ಒಂದರಲ್ಲಿ ತಂಬಿಗೆ ಪಾಳಿ ಹಚ್ಚಿ ನಿಂತಿದ್ದವು. ಅವುಗಳ ಧಣಿಗಳು ಬೇವಿನ ಗಿಡದ ನೆರಳಿಗೆ ಒಬ್ಬರ ತೊಡೆಯ ಮೇಲೆ ಒಬ್ಬರು ಕುಳಿತು ಕೊರೊನಾದ ಮಾತೇ ಆಡುತ್ತಿದ್ದರು.

ಬಸ್ಸಿಗೆ ಮೂವತ್ತೇ ಮಂದಿ. ಆ ಮೂವತ್ತರಲ್ಲಿ ಸೇರಬೇಕೆಂದು ಅರವತ್ತು ಮಂದಿ ಒಂದೇ ಬಾಗಿಲಿಗೆ ಬಿದ್ದರು. ನನ್ನ ಬೆನ್ನಿಗೆ ಯಾರದೋ ಮೊಣಕೈ, ನನ್ನ ಮೊಣಕೈ ಯಾರದೋ ಹೊಟ್ಟೆಗೆ. ಒಳಗೆ ಹೋದ ಮೇಲೆ ಮಾತ್ರ ಸೀಟಿಗೊಬ್ಬರಂತೆ ದೂರ ದೂರ ಕೂರಿಸಿದರು. ಕಂಡಕ್ಟರ್ ನನ್ನನ್ನು ನೋಡಿದ.

"ಆಯಿ, ವಯಸ್ಸೆಷ್ಟ್ರಿ ನಿಮ್ದು?"

"ಐವತ್ತೆಂಟು."

"ಆಧಾರ್ ಕಾರ್ಡ್ ತೋರಿಸ್ರಿ."

"ಮಗನ ಹಂತ್ಯಾಕ ಅದ. ಅವಂಗ ಅರವತ್ತ ಅದಾವ, ಹೋಗಿ ಕೇಳು."

ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರನೂ ನಕ್ಕು ಟಿಕೆಟ್ ಹರಿದ.

ನನ್ನ ಮುಂದೆ ಒಬ್ಬ ಗಂಡ, ಹೆಂಡತಿ. ಒಂದೇ ಮನೆಯಿಂದ ಎದ್ದು ಬಂದವರನ್ನು ಎರಡು ಸೀಟಿಗೆ ಹಂಚಿದ್ದರು. ಹೆಂಡತಿಗೆ ತಂಬಾಕು ಬೇಕಾಯಿತು. ಗಂಡ ತನ್ನ ಚಂಚಿಯನ್ನು ಹಿಂದಿನವನ ಕೈಗೆ ಕೊಟ್ಟ, ಅವನು ಬಾಜೂದವನಿಗೆ, ಅವನು ಇನ್ನೊಬ್ಬನಿಗೆ. ಮೂವರೂ ಒಂದೊಂದು ಚಿಟಿಕೆ ತೆಗೆದುಕೊಂಡು ಮುಂದೆ ದಾಟಿಸಿದರು. ಅವಳ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಸುಣ್ಣವಷ್ಟೇ ಉಳಿದಿರಬೇಕು. ಆದರೂ ಅಂತರ ಕಾಪಾಡಿದರು, ಅದನ್ನು ಒಪ್ಪಬೇಕು.

ಕಲಬುರಗಿಯಲ್ಲಿ ಬಸ್ಸು ಬದಲಿಸಲು ಎರಡು ತಾಸು ಹೋಯಿತು. ಜೇವರ್ಗಿಯಲ್ಲಿ ಇಳಿದಾಗ ಎರಡೂವರೆ. ಮುಂದೆ ಬಸ್ಸಿಲ್ಲ. ಆಟೊದಲ್ಲಿ ಇಬ್ಬರೇ ಕೂರಬೇಕಂತೆ. ಆಟೊದವನು ಸ್ಟ್ಯಾಂಡಿನಲ್ಲಿ ನನ್ನನ್ನೂ ಇನ್ನೊಬ್ಬಳನ್ನೂ ಹತ್ತಿಸಿಕೊಂಡ. ಪೊಲೀಸರು ಒಳಗೆ ಬಗ್ಗಿ ನೋಡಿ ಬಿಟ್ಟರು. ಎರಡು ಫರ್ಲಾಂಗ್ ಹೋಗಿ ನಿಲ್ಲಿಸಿದ. ಮೊದಲೇ ನಡೆದು ಮುಂದೆ ಹೋಗಿದ್ದ ಐದು ಜನ ಗಂಡಸರು ಹುಣಸೆ ಗಿಡದ ಕೆಳಗೆ ಅವನಿಗಾಗಿಯೇ ಕಾಯುತ್ತಿದ್ದರು. ಒಬ್ಬ ನನ್ನ ಕಾಲ ಮೇಲೆಯೇ ಕುಳಿತ. ನಾನು ಅವನ ತೊಡೆ ಚಿವುಟಿದೆ, ಸರಿದ. ಗಂಟೆ ಎಷ್ಟೆಂದು ಕೇಳಿದರೆ ಮೂರೂಕಾಲು ಎಂದ. ಮಣ್ಣಿಗೆ ಮುಕ್ಕಾಲು ತಾಸೇ ಉಳಿದಿತ್ತು. ನಮ್ಮಲ್ಲಿ ಹೆಣವನ್ನು ಕುಳ್ಳಿರಿಸಿ ಮಣ್ಣು ಕೊಡುತ್ತಾರೆ. ಕುಣಿಯೊಳಗೆ ಇಳಿಸಿದ ಮೇಲೆ ಮೇಲಿನಿಂದ ನೆತ್ತಿ ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ.

ಊರಲ್ಲಿ ಮನೆ ಖಾಲಿ. ಎಲ್ಲರೂ ಹೊಲಕ್ಕೆ ಹೋಗಿದ್ದರು. ಅವಳನ್ನು ಇಡುವುದು ಅವಳದೇ ಹೊಲದಲ್ಲಿ, ಗಂಡನ ಗದ್ದುಗೆಯ ಪಕ್ಕ. ದಾರಿ ನನಗೆ ಗೊತ್ತಿತ್ತು, ಉಸಿರು ಹಿಡಿದು ನಡೆದೆ.

ಅಲ್ಲಿ ನೋಡಿದ್ದು ನಾನು ಸಾಯುವತನಕ ಮರೆಯುವುದಿಲ್ಲ. ಮಣ್ಣಿಗೆ ಇಪ್ಪತ್ತು ಮಂದಿ ಎಂದು ರೂಲ್ಸ್. ಅದಕ್ಕೆ ಊರ ಗೌಡ ಹೊಲದ ಬದುವಿನ ಮೇಲೆ ನೋಟ್‌ಬುಕ್ ಹಿಡಿದು ನಿಂತಿದ್ದ. ಬದುವಿನ ಈಚೆ, ಅಕ್ಕನ ಹೊಲದಲ್ಲಿ, ಲೆಕ್ಕ ಹಾಕಿ ಇಪ್ಪತ್ತು ಜನ. ಬದುವಿನ ಆಚೆ, ಬೇರೆಯವರ ಹೊಲದಲ್ಲಿ, ಇಡೀ ಊರು. ಸುತ್ತಲಿನ ಊರಿನವರೂ ಇದ್ದರು. ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ ತಾಗುವ ಹಾಗೆ ಒತ್ತಿ ನಿಂತು ಇಣುಕುತ್ತಿದ್ದರು. ನಾನು ಬದುವಿನ ಮೇಲೆ ಕಾಲಿಡುತ್ತಲೇ ಗೌಡ ಅಡ್ಡ ಬಂದ.

"ಇಪ್ಪತ್ತು ಮುಗದಾವ್ರಿ ಆಯಿ. ನೀವು ಆ ಹೊಲದಾಗ ನಿಂದರ್ರಿ."

"ಅಲ್ಲಿ ಇನ್ನೂರು ಮಂದಿ ಅದಾರಲ್ಲೋ."

"ಇರ್ಲಿರಿ. ಮಣ್ಣು ಈ ಹೊಲದಾಗ ಆಗಾಕತ್ತದ. ರೂಲ್ಸು ಈ ಹೊಲಕ್ಕಷ್ಟೇ."

"ನಾ ಅಕಿ ಒಡಹುಟ್ಟಿದ ತಂಗಿ. ನೀ ಅಕಿಗಿ ಏನಾಗಬೇಕು? ನೀ ಯಾಕ ಇಪ್ಪತ್ತರಾಗ ಅದಿ?"

"ನಾ ಎಣಸಾವ ಅದೇನಿ." ಅಷ್ಟರಲ್ಲಿ ಹಿಂದಿನಿಂದ ಯಾರೋ, ಇವಳು ಆಳಂದದವಳು ಎಂದರು. ಗೌಡ ಎರಡು ಹೆಜ್ಜೆ ಹಿಂದೆ ಸರಿದ. "ಆಳಂದ ಮಹಾರಾಷ್ಟ್ರದ ಬಾಜೂಕ ಅದರಿ. ಅಲ್ಲಿಂದ ಬಂದವರು ಹದಿನಾಕ ದಿನ ಸಾಲ್ಯಾಗ ಕ್ವಾರಂಟೈನ್ ಇರಬೇಕಾಗ್ತದ."

"ಇರ್ತೇನಿ. ಮೊದಲ ಮುಖ ನೋಡ್ತೇನಿ," ಎಂದು ಬದು ಇಳಿದೆ.

ತಡೆಯಲು ಅವನು ಕೈ ಚಾಚಿದ, ಮುಟ್ಟಲು ಹೆದರಿ ಹಿಂದಕ್ಕೆಳೆದುಕೊಂಡ. ಇನ್ನಿಬ್ಬರು ಮುಂದೆ ಬಂದು ಅವರೂ ಹಿಂದೆ ಸರಿದರು. ಮುಟ್ಟಬ್ಯಾಡ್ರೋ ಎಂದು ಯಾರೋ ಕೂಗಿದ. ನಾನು ನಡೆದ ಹಾಗೆಲ್ಲ ಇಪ್ಪತ್ತು ಮಂದಿಯೂ ಇಬ್ಭಾಗವಾಗಿ ದಾರಿ ಬಿಟ್ಟರು. ಮಂತ್ರಿ ಬಂದರೂ ಅಷ್ಟು ಬೇಗ ಬಿಡುವವರಲ್ಲ.

ಅಕ್ಕನನ್ನು ಇನ್ನೂ ಇಳಿಸಿರಲಿಲ್ಲ. ಕುಣಿಯ ಪಕ್ಕ ಕುಳ್ಳಿರಿಸಿದ್ದರು. ಹೊಸ ಸೀರೆ, ಕೊರಳಲ್ಲಿ ಹೂವಿನ ಮಾಲೆ, ಎಡ ಅಂಗೈಯಲ್ಲಿ ಲಿಂಗ, ಹಣೆಗೆ ಮೂರು ಬೆರಳಿನ ವಿಭೂತಿ. ವಿಭೂತಿಯ ಕೆಳಗೆ ಮುಚ್ಚಿದ ಎರಡು ಕಣ್ಣು. ಕಣ್ಣಿನ ಕೆಳಗೆ, ಮೂಗಿನಿಂದ ಗದ್ದದವರೆಗೆ, ನೀಲಿ ಮಾಸ್ಕು.

ಆ ಹೊಲದಲ್ಲಿ, ಈ ಹೊಲದಲ್ಲಿ, ಇಷ್ಟು ಮಂದಿಯೊಳಗೆ ಮಾಸ್ಕನ್ನು ನೆಟ್ಟಗೆ ಹಾಕಿಕೊಂಡವಳು ಅವಳೊಬ್ಬಳೇ.

ಅವಳ ಮಗನನ್ನು ನೋಡಿದೆ. ಅವನ ಮಾಸ್ಕು ಒಂದು ಕಿವಿಯಿಂದ ಜೋತು ಬಿದ್ದಿತ್ತು. "ಯಾರರೆ ಫೋಟೊ ತಗದು ಮೊಬೈಲ್‌ನಾಗ ಬಿಟ್ಟರ ಕೇಸ್ ಆಗ್ತದಂತ, ಚಿಗವ್ವ. ಗೌಡರು ಹೇಳಿದ್ರು," ಎಂದ.

"ಇಕಿ ಇನ್ನ ಯಾರ ಮ್ಯಾಲೆ ಉಸಿರು ಬಿಡ್ತಾಳೋ?"

ಸ್ವಾಮಿಗಳು ಮಂತ್ರ ನಿಲ್ಲಿಸಿ ಗೌಡನನ್ನು ನೋಡಿದರು. ಗೌಡ ನೋಟ್‌ಬುಕ್ ನೋಡಿದ, ಅದರಲ್ಲಿ ಇದಕ್ಕೆ ಉತ್ತರ ಬರೆದಿರುವ ಹಾಗೆ. ನಾನು ಕೆಳಗೆ ಕುಳಿತು ಅವಳ ಕಿವಿಗೆ ಕೈ ಹಾಕಿದೆ. ದಾರ ಬೆಂಡೋಲೆಗೆ ಸುತ್ತಿಕೊಂಡಿತ್ತು. ನನ್ನ ಬೆರಳು ಈಗ ಸರಿಯಾಗಿ ಬಗ್ಗುವುದಿಲ್ಲ, ಬಿಡಿಸಲು ಹೊತ್ತು ಹಿಡಿಯಿತು. ಹರಿದು ಎಳೆಯಬಹುದಿತ್ತು, ಎಳೆಯಲಿಲ್ಲ.

ಹಲ್ಲಿಲ್ಲದ ಬಾಯಿ ಒಳಗೆ ಸೇರಿತ್ತು. ಗಲ್ಲದ ಮೇಲೆ ದಾರದ ಗೆರೆ ಮೂಡಿತ್ತು. ಸೆರಗಿನಿಂದ ಉಜ್ಜಿದೆ, ಹೋಗಲಿಲ್ಲ. ಹಂಚಿನ ಮೇಲೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ನೋಡಿದೆ. ಅವಳೇ ಹೌದು. ಸಿಟ್ಟಿನಲ್ಲಿ ಮಾತು ಬಿಟ್ಟಾಗ ಹೀಗೇ ತುಟಿ ಬಿಗಿಯುತ್ತಿದ್ದಳು.

ಎದ್ದು ನಿಂತಾಗ ಆಚೆಯ ಹೊಲದ ಹೆಂಗಸರು ಬದು ದಾಟಿ ಬರುತ್ತಿದ್ದರು. ಮುಖ ಬಿಚ್ಚಿದ್ದನ್ನು ದೂರದಿಂದಲೇ ಕಂಡಿದ್ದರು. ಅವರಿಗೂ ಬೇಕಾಗಿದ್ದದ್ದು ಅದೇ ಇರಬೇಕು, ಕೇಳುವ ಧೈರ್ಯ ಇರಲಿಲ್ಲ. ಒಬ್ಬೊಬ್ಬರೇ ಬಗ್ಗಿ ನೋಡಿ, ಕಾಲು ಮುಟ್ಟಿ ಸರಿದರು. ಅವರ ಹಿಂದೆ ಗಂಡಸರೂ ಬಂದರು. ಗೌಡ ಹದಿನೈದು, ಹದಿನಾರು ಎಂದು ಬೆರಳು ಮಾಡುತ್ತ ಓಡಾಡಿದ, ಎಲ್ಲೋ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದ. ಸ್ವಾಮಿಗಳು ಇಳಿಸ್ರಿ ಎಂದರು. ಬರಿ ಮುಖದಲ್ಲೇ ಅವಳನ್ನು ಇಳಿಸಿದರು. ನಾನು ಬಿಲ್ವಪತ್ರಿ ಹಾಕಿದೆ.