ಡ್ರೈವರ್ ಮಾಳಪ್ಪನ ರೇಸ್ ಸೈಕಲ್ಲು

ಸಿಂದಗಿಯಿಂದ ತಾಳಿಕೋಟೆಗೆ ಬಸ್ಸು ಓಡಿಸುವ ಡ್ರೈವರ್ ಮಾಳಪ್ಪನಿಗೆ, ಸಂಜೆ ಯಂಕಂಚಿ ಹಾದಿಯಲ್ಲಿ ಅರ್ಧ ತಾಸು ಜೋರಾಗಿ ಹೋಗಿಬರಲು, ಕೈಗೆಟಕುವ ಬೆಲೆಯ ರೇಸ್ ಸೈಕಲ್ಲೊಂದು ಬೇಕು. ಬೇಸಿಗೆಯಿಂದಲೂ ಆರಿಸುತ್ತಲೇ ಇದ್ದಾನೆ. ರಜೆ ಸಿಕ್ಕರೆ ಸಾಕು, ಕಾಂತುವಿನ ಸೈಕಲ್ ಅಂಗಡಿಗೆ ಬಂದು ಒಂದೊಂದನ್ನೂ ಒಂದೇ ಕೈಯಲ್ಲಿ ಎತ್ತಿ ನೋಡುತ್ತಾನೆ, ಬಾಗಿದ ಹ್ಯಾಂಡಲ್ಲಿನ ಮೇಲೆ ಬಗ್ಗಿ ನೋಡುತ್ತಾನೆ, ಬ್ರೇಕನ್ನಂತೂ ಕಿರುಚುವ ತನಕ ಹಿಡಿಯುತ್ತಾನೆ. ತುಟ್ಟಿಯದನ್ನು ತೋರಿಸಿದರೆ, "ಇಷ್ಟ್ಯಾಕೋ ತಮ್ಮಾ? ಗೇರ್ ಕಡಿಮಿ ಇದ್ರೂ ನಡೀತೈತಿ. ಹಗುರ ಇರಬೇಕು, ಟೈರ್ ಸಣ್ಣಗಿರಬೇಕು, ಅಷ್ಟ" ಎನ್ನುತ್ತಾನೆ. ಅಗ್ಗದ್ದನ್ನು ತೋರಿಸಿದರೆ, "ಇದು ಕಬ್ಬಿಣದ ಮಂಚ ಐತಲ್ಲೋ!" ಎನ್ನುತ್ತಾನೆ. ಒಮ್ಮೆ ಓಡಿಸಿ ನೋಡಲು ಹೋದವನು, ದಾರಿಯಲ್ಲಿ ಕೈ ಮಾಡಿದ ಮುದುಕಿಯೊಬ್ಬಳಿಗೆ ಸೈಕಲ್ಲು ನಿಲ್ಲಿಸಿಯೇಬಿಟ್ಟ. ಮೊನ್ನೆ ಜೊತೆಗೆ ಬಂದಿದ್ದ ಹೆಂಡತಿ ರೇವವ್ವ ನಿಂತು ನಿಂತು ಬೇಸತ್ತು, "ಇಡೀ ದಿನ ಬಸ್ ಹೊಡದದ್ದು ಸಾಲಂಗಿಲ್ಲೇನ್ರಿ?" ಎಂದು ಕೇಳಿದಳು. ಮಾಳಪ್ಪ ಬೂದು ಬಣ್ಣದ ಸೈಕಲ್ಲೊಂದರ ಹ್ಯಾಂಡಲ್ ಬಿಡದೆ, ತಗ್ಗಿದ ದನಿಯಲ್ಲಿ ಹೇಳಿದ: "ಬಸ್ಸಿನ್ಯಾಗ ಬಸರಿ ಹೆಣ್ಮಕ್ಕಳು ಇರ್ತಾರ, ಕೂಸುಗಳು ಇರ್ತಾವ. ಇಪ್ಪತ್ತು ವರ್ಷ ಆತು, ಒಂದು ದಿನಾನೂ ಜೋರ ಹೊಡದಿಲ್ಲ. ಇದರ ಮ್ಯಾಲ ನಾ ಒಬ್ಬನ ಇರ್ತೇನಿ." ರೇವವ್ವ ಆ ಸೈಕಲ್ಲಿನ ಸೀಟನ್ನು ಸೆರಗಿನಿಂದ ಒರೆಸಿ, ಕಾಂತುವಿಗೆ ಹೇಳಿದಳು: "ಇದನ್ನ ಕೊಡಪಾ. ಇನ್ನರ ಜೋರ ಹೋಗ್ಲಿ ಇವರು."