ತಿಕ್ಕಿ ತೊಳೆದ ತಾಟು

ಇವತ್ತು ಬೆಳಿಗ್ಗೆ ನಿಮ್ಮ ಲ್ಯಾಪ್‌ಟಾಪಿನ ಬಾಣ ಅಲುಗಾಡದೆ ನಿಂತಾಗ, "ಆಯಿ, ನೀ ಇದನ್ನ ಒರಸಿದೇನ?" ಎಂದು ಕೇಳಿದಿರಿ. ಒರೆಸಿರಲಿಲ್ಲ. ಆದರೂ ಆಗಿನಿಂದ ಒಂದು ಕಡೆ ಕೂತಿಲ್ಲ. ಎರಡು ಸಲ ಚಹಾ ಇಟ್ಟೆ, ಎರಡು ಸಲವೂ ಉಕ್ಕಿಸಿದೆ. ಬಾಯಿಂದ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ, ಮೊಮ್ಮಕ್ಕಳೇ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ವಿದ್ಯಾಗಿರಿಯ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆ ಗುಡಿಸುವ ಕೆಲಸ ಸಿಕ್ಕಿತು. ಅಮೀನಗಡದಿಂದ ದಿನಾ ಬಸ್ಸು. ಹಳ್ಳಿ ಸಾಲೆಯಲ್ಲಿ ಏಳನೆಯ ತರಗತಿ ಕಲಿತವಳು. ಯಾರಾದರೂ ಮಾತಾಡಿಸಿದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಅಲ್ಲಿದ್ದದ್ದು ಒಂದೇ ಯುನಿಕ್ಸ್ ಯಂತ್ರ. ಕರಿ ಪರದೆಯ ಮೇಲೆ ಬರೀ ಅಕ್ಷರ. ಅದನ್ನು ನೋಡಿಕೊಳ್ಳುತ್ತಿದ್ದವರು ಇಳಕಲ್ಲಿನ ಬಾಗವಾನ ಸರ್. ಯಂತ್ರದ ಜೊತೆ ಬಂದ ಮೌಸು, ಫಳಫಳ ಹೊಳೆಯುವ ಒಂದು ಚೌಕಾಕಾರದ ತಾಟು, ಎರಡೂ ಕಪಾಟಿನಲ್ಲೇ ಬಿದ್ದಿದ್ದವು.

ದಸರೆಯಲ್ಲಿ ಖಂಡೇಪೂಜೆಯ ದಿನ ಆಯುಧಗಳಂತೆ ಯಂತ್ರಕ್ಕೂ ಪೂಜೆ. ಚೆಂಡು ಹೂವು ತಂದವರು ಸರ್ ಅವರೇ. ಕುಂಕುಮ, ಕರ್ಪೂರ ಇಡಲು ಆ ತಾಟು ಹೇಳಿ ಮಾಡಿಸಿದಂತಿತ್ತು. ಮರುದಿನ ಕಲೆ ಹೋಗಲೆಂದು ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿದೆ. ಸಣ್ಣ ಸಣ್ಣ ಗೆರೆಗಳೂ ಹೋದವು. ಅವೂ ಕೊಳೆಯೇ ಎಂದುಕೊಂಡಿದ್ದೆ.

ಮುಂದಿನ ವಾರ ಟೇಪಿನಲ್ಲಿ ಹೊಸ ಸಾಫ್ಟ್‌ವೇರ್ ಬಂತು. ಪರದೆಯ ಮೇಲೆ ಕಿಟಕಿಗಳು ತೆರೆಯುತ್ತವಂತೆ, ಮೌಸು ಆಡಿಸಿದತ್ತ ಬಾಣ ಓಡುತ್ತದಂತೆ. ಸರ್ ತಾಟಿನ ಮೇಲೆ ಮೌಸು ಇಟ್ಟರು. ಕಿಟಕಿ ತೆರೆಯಿತು, ಬಾಣ ಕದಲಲಿಲ್ಲ. ಎಲ್ಲ ಅಳಿಸಿ ಮತ್ತೆ ಹಾಕಿದರು. ವೈರು ಬಿಚ್ಚಿ ಜೋಡಿಸಿದರು. ಎರಡನೆಯ ದಿನ ದಪ್ಪ ಪುಸ್ತಕ ಓದುತ್ತ ತಮ್ಮಷ್ಟಕ್ಕೇ ಅಂದರು: "ಮೌಸು ತಾಟಿನ ಗೆರಿ ನೋಡಿ ನಡೀತೈತಂತ. ಗೆರಿ ಭಾಳ ಸಣ್ಣ ಇರಬೇಕು, ಕಣ್ಣಿಗಿ ಕಾಣವಲ್ವು."

ನನಗೆ ತಿಳಿದುಹೋಯಿತು. ಗುಡಿಸಿದ ಮೂಲೆಯನ್ನೇ ಮತ್ತೆ ಮತ್ತೆ ಗುಡಿಸಿದೆ. ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ನಿಮ್ಮ ಅಪ್ಪ, ಅತ್ತೆ ಇನ್ನೂ ಸಣ್ಣವರು.

ಮೂರನೆಯ ದಿನ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತರು. "ನಾಳೆ ಇದನ್ನ ನೋಡಾಕ ಕಮಿಟಿ ಬರತೈತಿ. ಆಗಲಿಲ್ಲಂದ್ರ ನಿಮ್ಮ ಜಾಗಾಕ್ಕ ಬ್ಯಾರೆಯವರ್ನ ನೋಡ್ಕೋತೀವ್ರಿ, ಬಾಗವಾನ."

ಅವರು ಹೋದ ಮೇಲೆ ಸರ್ ತಲೆ ಹಿಡಿದು ಕೂತರು. ನನ್ನಿಂದ ನೋಡಲಾಗಲಿಲ್ಲ.

"ಸರ... ಆ ತಾಟು ನಾ ತಿಕ್ಕೀನ್ರಿ."

"ಯಾವಾಗ?"

"ಪೂಜಿ ಮರುದಿನ್ರಿ. ಬೂದಿ ಹಚ್ಚಿ."

ತಾಟನ್ನು ಬಿಸಿಲಿಗೆ ಹಿಡಿದು ನೋಡಿದರು. ಅಂಚಿನಲ್ಲಿ ಮಾತ್ರ ಗೆರೆ ಉಳಿದಿದ್ದವು. ಮೌಸನ್ನು ಅಂಚಿಗೆ ಸರಿಸಿದರು. ಬಾಣ ಚಂಗನೆ ಜಿಗಿಯಿತು.

"ಅಕ್ಕಾರ, ನಿಮ್ಮನಿ ಭಾಂಡಿ ಎಷ್ಟ ಹೊಳೀತಾವಂತ ಈಗ ಗೊತ್ತಾತು ನೋಡ್ರಿ!"

ಮರುದಿನ ಆ ಅಂಚಿನ ಮೇಲೆಯೇ ಕಮಿಟಿಗೆ ಎಲ್ಲ ತೋರಿಸಿದರು. "ಮೂರು ದಿನ ಏನ್ ಮಾಡಾಕತ್ತಿದ್ರಿ?" ಎಂದು ಪ್ರಿನ್ಸಿಪಾಲರು ಎಲ್ಲರೆದುರು ಕೇಳಿದರು.

"ತಾಟು ಕೆಟ್ಟಿತ್ರಿ. ನಾನ ನೋಡಲಿಲ್ಲ, ತಪ್ಪು ನಂದ."

ಬಾಗಿಲ ಹಿಂದೆ ಕಸಬರಿಗೆ ಹಿಡಿದು ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ನಿವೃತ್ತರಾಗುವವರೆಗೂ ಜೊತೆಯವರು ಅವರನ್ನು, "ತಾಟು ನೋಡಿದ್ರೇನ್ರಿ?" ಎಂದು ಕಾಡಿದರು. ಅವರು ನಗುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

ಇಷ್ಟು ಬರೆದು, ಬಾಗವಾನ ಸರ್ ಅವರಿಗೆ ಫೋನ್ ಹಚ್ಚಿದೆ. ದನಿ ಮುದಿಯಾಗಿದೆ. "ಯಾರ್ರೀ?" ಎಂದರು.

ಸೆರಗು ಬಾಯಿಗೆ ಹೋಗಲಿಲ್ಲ. "ತಾಟು ತಿಕ್ಕಿದಾಕ್ರಿ ಸರ. ಅವತ್ತು ಎಲ್ಲಾರ ಮುಂದ ನಾ ಹೇಳಬೇಕಿತ್ರಿ."